ಶುಕ್ರವಾರದ ಮಾಂಸ ವರ್ಜನೆ: ಯಾವ ಮಾತು ಹಿಡೀಬೇಕು?

ಬೀದರ್ ಉಪದೇಶಿ
ನಮ್ಮ ಕ್ಯಾಥೋಲಿಕ್ ಚರ್ಚಿನ ಧರ್ಮೋಪದೇಶದ ಮಕ್ಕಳಿಗೆ ಕೊಡಾಕ ಉಪವಾಸದ ನಿಯಮದ ಹಾಳೆ ತಯಾರು ಮಾಡ್ಲಿಕತ್ತೀನ್ರಿ. ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಪ್ರಾಯಶ್ಚಿತ್ತದ ಕಾಲ) ಪೂರ್ತಿ ತತ್ತಿ, ಹಾಲು ಮುಟ್ಟಬಾರದು ಅಂತ ವಾಟ್ಸಾಪ್‌ನ್ಯಾಗ ಬಂದದ. ತಪಸ್ಸುಕಾಲದ ಹೊರಗ ಶುಕ್ರವಾರ ಮಾಂಸ ತಿಂದು ಬ್ಯಾರೆ ಪ್ರಾಯಶ್ಚಿತ್ತ ಮಾಡಬಹುದು ಅಂತ ಅಮೆರಿಕದ ಒಂದು ಬರಹ ಹೇಳ್ತದ. ಯಾವುದು ಖರೆ? ಸಕ್ಕರೆ ಕಾಯಿಲೆ ಇದ್ದವರಿಗೆ ಏನು ಬರೀಲಿ?

ಕಲಬುರಗಿ ಓದುಗ
ಎರಡನ್ನೂ ಹಾಕಬ್ಯಾಡ್ರಿ. 1983ರ ಧರ್ಮಸಭೆಯ (ಕ್ಯಾಥೋಲಿಕ್ ಚರ್ಚಿನ) ಕಾನೂನು ಸಂಹಿತೆಯಲ್ಲಿ 1249ರಿಂದ 1253ರವರೆಗಿನ ಐದು ವಿಧಿಗಳನ್ನು ಓದಿ. ವರ್ಷದ ಎಲ್ಲಾ ಶುಕ್ರವಾರ ಮಾಂಸ ವರ್ಜನೆ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ವರ್ಜನೆಯ ಜೊತೆ ಉಪವಾಸ. ವರ್ಜನೆ 14 ವರ್ಷ ತುಂಬಿದವರಿಗೆ, ಅದಕ್ಕೆ ಮೇಲಿನ ಮಿತಿ ಇಲ್ಲ. ಉಪವಾಸ 18 ತುಂಬಿದಾಗಿನಿಂದ ಅರವತ್ತನೆಯ ವರ್ಷ ಶುರುವಾಗುವ ತನಕ, ಅಂದರೆ 59 ತುಂಬುವ ತನಕ. 60 ತುಂಬುವವರೆಗೆ ಅಂತ ತಪ್ಪಾಗಿ ಬರೆಯೋರೇ ಬಹಳ.

ಉಪವಾಸ ಅಂದರೆ ನಿರಾಹಾರ ಅಲ್ಲ. ಪೋಪ್ ಆರನೇ ಪೌಲರು 1966ರಲ್ಲಿ ಹೊರಡಿಸಿದ ‘ಪೆನಿತೆಮಿನಿ’ ಎಂಬ ಆದೇಶಪತ್ರದಂತೆ ಒಂದು ಪೂರ್ತಿ ಊಟ, ಬೆಳಿಗ್ಗೆ ಮತ್ತು ಸಂಜೆ ಊರ ರೂಢಿಯಂತೆ ಒಂದಿಷ್ಟು. ಮಧ್ಯಾಹ್ನ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ಹೊಟ್ಟೆತುಂಬ ಉಂಡರೆ ಉಳಿದೆರಡು ಹೊತ್ತು ಅರ್ಧ ರೊಟ್ಟಿ, ಶೇಂಗಾ ಹಿಂಡಿ ಸಾಕು. ತತ್ತಿ, ಹಾಲು, ತುಪ್ಪ, ಮೀನಿಗೆ ತಡೆಯಿಲ್ಲ. ಕೋಳಿಗೆ ಇದೆ.

ಶಹಾಪುರದಿಂದ
ಅಮೆರಿಕದ ಮಾತು ಸುಳ್ಳಲ್ಲ, ಆದರೆ ನಮಗೆ ಸಲ್ಲೋದಲ್ಲ. ನಿಯಮಕ್ಕೆ ಬದಲಿ ಸೂಚಿಸುವ ಅಧಿಕಾರವನ್ನು 1253ನೇ ವಿಧಿ ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿಗೆ ಕೊಟ್ಟಿದೆ. ಅಲ್ಲಿಯವರು ಈ ಸಂಹಿತೆಗೂ ಮುಂಚೆ, 1966ರಲ್ಲೇ, ‘ಪೆನಿತೆಮಿನಿ’ ಕೊಟ್ಟಿದ್ದ ಇಂಥದೇ ಅಧಿಕಾರದಿಂದ ತಮ್ಮ ದೇಶಕ್ಕೆ ಅದನ್ನು ಮಾಡಿಕೊಂಡರು. ನಮಗೆ ಭಾರತದ ಮಂಡಳಿಯ ನಿಯಮ, ಕಲಬುರಗಿ ಧರ್ಮಾಧ್ಯಕ್ಷರ ತಪಸ್ಸುಕಾಲದ ಸುತ್ತೋಲೆ. ಧರ್ಮಕೇಂದ್ರದ (ನಿಮ್ಮ ಊರಿನ ಚರ್ಚಿನ) ಗುರುಗಳ ಹತ್ತಿರ ಈ ವರ್ಷದ ಪ್ರತಿ ಕೇಳಿ, ಹಾಳೆ ಅಚ್ಚಿಗೆ ಹೋಗುವ ಮೊದಲು ಅವರಿಗೇ ತೋರಿಸಿ.

ತತ್ತಿ, ಹಾಲಿನ ಮಾತಿಗೂ ಮೂಲ ಇದೆ. ಹಿಂದೆ ತಪಸ್ಸುಕಾಲದಲ್ಲಿ ಅವೂ ವರ್ಜ್ಯವಾಗಿದ್ದವು. ಪೌರಸ್ತ್ಯ, ಅಂದರೆ ಪೂರ್ವದೇಶಗಳ ಸಂಪ್ರದಾಯದ, ಕ್ಯಾಥೋಲಿಕ್ ಧರ್ಮಸಭೆಗಳಿಗೆ ಈಗಲೂ ಬೇರೆ ಸಂಹಿತೆ ಇದೆ; ಕೇರಳ ಮೂಲದ ಸಿರೋ ಮಲಬಾರ್ ಅವುಗಳಲ್ಲಿ ಒಂದು. ನಿಮ್ಮ ತರಗತಿಯಲ್ಲಿ ಸಿರೋ ಮಲಬಾರ್ ಮನೆತನದ ಮಕ್ಕಳಿದ್ದರೆ ಅವರಿಗೆ ಈ ಹಾಳೆ ಹೊಂದೋದಿಲ್ಲ. ವಿಧಿಯ ಸಂಖ್ಯೆ, ಹೊರಡಿಸಿದವರ ಹೆಸರು, ವರ್ಷ ಮೂರೂ ಇಲ್ಲದ ಸಂದೇಶವನ್ನು ಮಕ್ಕಳ ಕೈಗೆ ದಯವಿಟ್ಟು ಕೊಡಬೇಡಿ.

ಕಲಬುರಗಿ ಓದುಗ
ಸಕ್ಕರೆ ಕಾಯಿಲೆಯವರ ಬಗ್ಗೆ: ಇನ್ಸುಲಿನ್ ಅಥವಾ ಮಾತ್ರೆ ತಗೊಂಡು ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರನ್ನು, ಗರ್ಭಿಣಿಯರನ್ನು, ಹಾಲೂಡಿಸುವ ತಾಯಂದಿರನ್ನು ಉಪವಾಸದ ನಿಯಮ ಕಟ್ಟಿಹಾಕೋದಿಲ್ಲ. ಅನುಮಾನ ಇದ್ದವರಿಗೆ ಧರ್ಮಕೇಂದ್ರದ ಗುರುಗಳೇ ವಿನಾಯಿತಿ ಕೊಡಬಹುದು, 1245ನೇ ವಿಧಿ.

ಬೀದರ್ ಉಪದೇಶಿ
ಶುಕ್ರವಾರ ಹಬ್ಬ ಬಂದರ?

ಶಹಾಪುರದಿಂದ
ಮಹೋತ್ಸವದ ದರ್ಜೆಯ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಹಬ್ಬವಾದರೆ ಮಾತ್ರ ವರ್ಜನೆ ಇಲ್ಲ. 2027ರ ಮಾರ್ಚ್ 19, ಸಂತ ಜೋಸೆಫರ ಮಹೋತ್ಸವ, ಶುಕ್ರವಾರವೇ ಬರುತ್ತದೆ. ಅವತ್ತು ಮಾಂಸ ತಿನ್ನಬಹುದು. ಪರಮಪ್ರಸಾದಕ್ಕೆ (ಕಮ್ಯುನಿಯನ್‌ಗೆ) ಮುಂಚಿನ ಒಂದು ತಾಸಿನ ಉಪವಾಸವನ್ನು ಬೇರೆ ಸಾಲಿನಲ್ಲೇ ಬರೆಯಿರಿ, ಮಕ್ಕಳು ಎರಡನ್ನೂ ಕಲಸಿಬಿಡ್ತಾರೆ. ಅದರಲ್ಲಿ ನೀರು, ಔಷಧಿಗೆ ಅಡ್ಡಿಯಿಲ್ಲ.