ಮಡಿಕೇರಿಗೆ ತಂದ ಮೇಲೆ ಲೋಲಕದ ಗಡಿಯಾರ ದಿನಕ್ಕೆ 2 ನಿಮಿಷ ಹಿಂದೆ, ಇದು ಗುರುತ್ವದ ಕಾಟವೇ?

ಮಂಜಿನಮನೆ:
ಮಂಗಳೂರಿನ ಮನೆಯಲ್ಲಿದ್ದ ಅಜ್ಜನ ಕಾಲದ ಗೋಡೆ ಗಡಿಯಾರವನ್ನು ಹೋದ ತಿಂಗಳು ಮಡಿಕೇರಿಗೆ ತಂದೆ. ಅಲ್ಲಿ ವಾರಕ್ಕೆ ಅರ್ಧ ನಿಮಿಷವೂ ಆಚೀಚೆ ಆಗುತ್ತಿರಲಿಲ್ಲ. ಇಲ್ಲಿ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿದೆ, ಒಂದು ವಾರ ಮೊಬೈಲ್ ಜೊತೆ ತಾಳೆ ನೋಡಿದ್ದೇನೆ. ಎಣ್ಣೆ ಹಾಕಿದ್ದಾಯಿತು, ಕೀಲಿಯನ್ನೂ ತಪ್ಪದೆ ಕೊಡುತ್ತಿದ್ದೇನೆ. ಎತ್ತರದಲ್ಲಿ ಸಮಯ ಬೇಗ ಓಡುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದಾರೆ ಅಲ್ವಾ? ಹಾಗಾದರೆ ಇದು ಮುಂದೆ ಹೋಗಬೇಕಿತ್ತು!

ಅರೆಮೇಷ್ಟ್ರು:
ಎರಡು ಬೇರೆ ವಿಷಯ ಕಲಸಿಹೋಗಿದೆ. ಲೋಲಕ ತೂಗುವುದೇ ಗುರುತ್ವದಿಂದ. ಮೇಲೆ ಹೋದಷ್ಟೂ ಎಳೆತ ಕಮ್ಮಿ, ಗುಂಡು ನಿಧಾನಕ್ಕೆ ವಾಪಸ್ ಬರುತ್ತದೆ, ಮುಳ್ಳು ಹಿಂದೆ ಬೀಳುತ್ತದೆ. ಸಮಯಕ್ಕೆ ಇದರ ಗೊಡವೆ ಇಲ್ಲ. ಪಕ್ಕದಲ್ಲೇ ಒಂದು ಕ್ವಾರ್ಟ್ಜ್ ಗಡಿಯಾರ ನೇತುಹಾಕಿ ನೋಡಿ, ಅದರ ಹರಳು ನಡುಗಲು ಗುರುತ್ವ ಬೇಕಿಲ್ಲ, ಹಾಗಾಗಿ ಅದು ಹೀಗೆ ಹಿಂದೆ ಬೀಳುವುದಿಲ್ಲ.

ಐನ್‌ಸ್ಟೈನ್ ಹೇಳಿದ್ದು ಸಮಯದ ಬಗ್ಗೆಯೇ, ಅದು ಎಲ್ಲ ಗಡಿಯಾರಕ್ಕೂ ಅನ್ವಯ. ನೀವು ಹತ್ತಿದ್ದು ಸುಮಾರು 1,150 ಮೀಟರ್. ಅಷ್ಟಕ್ಕೆ ದಿನಕ್ಕೆ 11 ನ್ಯಾನೊಸೆಕೆಂಡ್‌ನಷ್ಟು ಮುಂದೆ. ಒಂದು ಸೆಕೆಂಡ್ ಆಗಬೇಕಾದರೆ ಎರಡೂವರೆ ಲಕ್ಷ ವರ್ಷ ಕಾಯಬೇಕು, ಅಷ್ಟು ದಿನ ಕೀಲಿ ಕೊಡುವವರು ಯಾರು? ಜಿಪಿಎಸ್ ಉಪಗ್ರಹಗಳು 20,000 ಕಿಲೋಮೀಟರ್ ಮೇಲಿವೆ, ಅಲ್ಲಿ ಇದು ದಿನಕ್ಕೆ 45 ಮೈಕ್ರೊಸೆಕೆಂಡ್. ಅವುಗಳ ವೇಗದಿಂದ 7 ಹಿಂದೆ ಬಿದ್ದು, ಉಳಿದ 38 ಅನ್ನು ಸರಿಪಡಿಸದಿದ್ದರೆ ನಿಮ್ಮ ಮ್ಯಾಪ್ ಕೆಲಸಕ್ಕೇ ಬರುವುದಿಲ್ಲ.

ಇನ್ನು ಲೋಲಕದ ಲೆಕ್ಕ. ಆ ಎತ್ತರಕ್ಕೆ ಹೆಚ್ಚೆಂದರೆ ದಿನಕ್ಕೆ 15 ಸೆಕೆಂಡ್ ನಷ್ಟ. ಕಾಲಡಿಯ ಬೆಟ್ಟವೂ ಸ್ವಲ್ಪ ಎಳೆಯುವುದರಿಂದ 10ರ ಹತ್ತಿರ ಅನ್ನಿ. ಚಳಿಗೆ ಕಡ್ಡಿ ಕುಗ್ಗಿ ಅದರಲ್ಲೂ ಸ್ವಲ್ಪ ವಾಪಸ್ ಸಿಗುತ್ತದೆ. ಸಮಭಾಜಕದ ಹತ್ತಿರವೂ ಗುರುತ್ವ ಕಮ್ಮಿ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಶೆ ಪ್ಯಾರಿಸ್‌ನಿಂದ ಅಲ್ಲಿಗೆ, ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಅಷ್ಟು ದೂರ ಹೋಗಿದ್ದಕ್ಕೆ ಅಷ್ಟು. ನೀವು ಘಾಟಿ ಹತ್ತಿದ್ದಕ್ಕೆ ಎರಡು ನಿಮಿಷ ಜಾಸ್ತಿಯೇ ಆಯಿತು. ಬೇರೇನೋ ಇದೆ.

ಟಿಕ್‌ಟಕ್:
ತರುವಾಗ ಗುಂಡು ಬಿಚ್ಚಿದ್ರಾ?

ಮಂಜಿನಮನೆ:
ಹೌದು, ಬೇರೆ ಸುತ್ತಿ ತಂದೆ. ಕೆಳಗಿನ ನಟ್ ಕೂಡ ಬಿಚ್ಚಿತ್ತು, ಅಂದಾಜಿನಲ್ಲಿ ಹಾಕಿದೆ.

ಟಿಕ್‌ಟಕ್:
ಸಿಕ್ಕಿತು ನೋಡಿ. 25 ಸೆಂಟಿಮೀಟರ್ ಲೋಲಕದಲ್ಲಿ ಗುಂಡು 0.7 ಮಿಲಿಮೀಟರ್ ಕೆಳಗೆ ಜಾರಿದರೆ ಎರಡು ನಿಮಿಷ ಹೋಯಿತು. ನಟ್ ಬಲಕ್ಕೆ ತಿರುಗಿಸಿ ಗುಂಡು ಮೇಲೇರಿಸಿ. ಒಂದು ಸುತ್ತು, ಒಂದು ದಿನ ಕಾಯುವುದು, ಆಮೇಲೆ ಇನ್ನೊಂದು. ಅದಕ್ಕೂ ಮೊದಲು ಕಣ್ಣು ಮುಚ್ಚಿ ಸದ್ದು ಕೇಳಿ. ಟಿಕ್ ಮತ್ತು ಟಕ್ ನಡುವೆ ಒಂದೇ ಅಂತರ ಇಲ್ಲದಿದ್ದರೆ ಪೆಟ್ಟಿಗೆ ಓರೆಯಾಗಿದೆ, ಅದನ್ನು ಮೊದಲು ನೆಟ್ಟಗೆ ಮಾಡಿ.

ಮಂಜಿನಮನೆ:
ಮೂರು ದಿನ ಆಯಿತು. ಪೆಟ್ಟಿಗೆ ನಿಜಕ್ಕೂ ಓರೆ ಇತ್ತು, ನೇರ ಮಾಡಿದೆ. ನಟ್ ಒಟ್ಟು ಒಂದೂವರೆ ಸುತ್ತು ಹಿಡಿಯಿತು. ಈಗ ದಿನಕ್ಕೆ 10 ಸೆಕೆಂಡ್ ಮುಂದೆ!

ಅರೆಮೇಷ್ಟ್ರು:
ಅದನ್ನು ಐನ್‌ಸ್ಟೈನ್ ಲೆಕ್ಕಕ್ಕೆ ಹಾಕಬೇಡಿ ಮತ್ತೆ. ನಟ್ ಒಂಚೂರು ಎಡಕ್ಕೆ.