ಮಳೆಗಾಲದಲ್ಲಿ ಚಿನ್ನದ ರೇಕು ನಿಲ್ಲುತ್ತಿಲ್ಲ. ಆ ಫ್ರೆಂಚ್ ಪುಸ್ತಕದ್ದು ಹೇಗೆ ಉಳಿಯಿತು?

ಡೊಂಬಿವಲಿ ಕುಂಚ:
ಹತ್ತು ವರ್ಷದಿಂದ ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದೇನೆ. ಜುಲೈ ಬಂತೆಂದರೆ ಗೋಳು ಶುರು. ಈ ಸಲ ಲಕ್ಷ್ಮಿಯ ಕಿರೀಟದ ರೇಕು ಉಜ್ಜುವಾಗಲೇ ಎದ್ದು ಬೆರಳಿಗೆ ಅಂಟಿಕೊಂಡಿತು. ರೇಕಿನ ಕೆಳಗೆ ಬಳಿಯುವ ಲೇಪ, ಗೆಸ್ಸೊ, ಇನ್ನೂ ಹಲ್ವದ ಹಾಗಿದೆ.

ಮೊನ್ನೆ ಮುಂಬಯಿಯ ಫೌಂಟನ್ ಫುಟ್‌ಪಾತಿನಲ್ಲಿ ಒಂದು ಹಳೆ ಪುಸ್ತಕ ಸಿಕ್ಕಿತು. ಫ್ರಾನ್ಸಿನ ಬೆರಿ ಡ್ಯೂಕ್ ಬರೆಸಿಕೊಂಡ ಪ್ರಾರ್ಥನೆ ಪುಸ್ತಕದ ಚಿತ್ರಗಳು. ರಾಜ ಐದನೇ ಚಾರ್ಲ್ಸನ ತಮ್ಮ ಈತ. ಜನವರಿ ಪುಟದಲ್ಲಿ ಡ್ಯೂಕ್ ನೀಲಿ ನಿಲುವಂಗಿ ತೊಟ್ಟು ಊಟಕ್ಕೆ ಕೂತಿದ್ದಾನೆ. ಎರಡು ಪುಟ್ಟ ನಾಯಿಗಳು ಮೇಜಿನ ಮೇಲೆಯೇ ಓಡಾಡುತ್ತಿವೆ! ನಮ್ಮಮ್ಮ ನೋಡಿದ್ದರೆ ಪುಸ್ತಕ ಮುಚ್ಚಿಬಿಡುತ್ತಿದ್ದರು. 600 ವರ್ಷವಾಗಿದೆ, ಚಿನ್ನ ಅಲ್ಲೇ ಇದೆ. ಹೇಗೆ?

ಮಾಟುಂಗದ ಬೈಂಡರ್:
ಅಕ್ಕಾ, ಆ ಕಾಲದವರು ಚಿನ್ನವನ್ನು ಪುಡಿ ಮಾಡಿ ಗೋಂದಿನಲ್ಲಿ ಕಲಸಿ ಬಳಿಯುತ್ತಿದ್ದರು, ರೇಕನ್ನೂ ಅಂಟಿಸುತ್ತಿದ್ದರು. ರೇಕಿನ ಕೆಳಗೆ ಗೆಸ್ಸೊ: ಜಿಪ್ಸಮ್, ಸೀಸದ ಬಿಳಿ, ಅಂಟು, ಚೂರು ಸಕ್ಕರೆ ಅಥವಾ ಜೇನು. ಅದು ಪೂರ್ತಿ ಒಣಗಿದ ಮೇಲೆ ಹತ್ತಿರ ಬಗ್ಗಿ 'ಹಾ' ಅಂತ ಉಸಿರು ಬಿಡುವುದು. ಅಷ್ಟೇ ತೇವ ಸಾಕು, ರೇಕು ಹಿಡಿಯುತ್ತದೆ. ಆಮೇಲೆ ನಾಯಿ ಹಲ್ಲಿನಿಂದಲೋ ನಯವಾದ ಕಲ್ಲಿನಿಂದಲೋ ಉಜ್ಜಿ ಹೊಳಪು ಬರಿಸುತ್ತಿದ್ದರು. ಸಿಹಿ ಹಾಕುವುದೇ ಗಾಳಿಯ ತೇವ ಎಳೆಯಲಿ ಅಂತ. ನಮ್ಮ ಜುಲೈಯಲ್ಲಿ ಅದು ಜಾಸ್ತಿನೇ ಎಳೆಯುತ್ತದೆ. ನಿಮ್ಮದರಲ್ಲಿ ಸಿಹಿ ಏನಾದರೂ ಇದೆಯಾ?

ಇನ್ನೊಂದು ಮಾತು. ಆ ಫ್ರೆಂಚ್ ಪುಸ್ತಕದ್ದು ಗೋಡೆಗೆ ತೂಗುಹಾಕಿದ ಚಿತ್ರ ಅಲ್ಲ. ಕರುವಿನ ಚರ್ಮದ ಹಾಳೆ, ಮುಚ್ಚಿಟ್ಟ ಪುಸ್ತಕ, ಚಿನ್ನ ಉಳಿಯಲು ಅದೂ ಕಾರಣ.

ಚಿಂಚವಡದವ:
ಅದರ ಚಿತ್ರ ಬರೆದವರು ಲಿಂಬರ್ಗ್ ಅಣ್ಣತಮ್ಮಂದಿರು, ಮೂವರು. ಭಾರಿ ತುಂಟರು! 1411ರ ಹೊಸ ವರ್ಷಕ್ಕೆ ಡ್ಯೂಕನಿಗೆ ಒಂದು ಪುಸ್ತಕ ಕೊಟ್ಟರು. ತೆರೆಯಲು ಹೋದರೆ ಬರೀ ಮರದ ತುಂಡು, ಮೇಲೆ ಪುಸ್ತಕದ ಹಾಗೆ ಬಣ್ಣ. 1416ರಲ್ಲಿ ಡ್ಯೂಕನೂ ಹೋದ, ಆ ಮೂವರೂ ಹೋದರು. ನಿಮಗೆ ಸಿಕ್ಕ ಪುಸ್ತಕದ ಕೆಲಸ ಅರ್ಧಕ್ಕೆ ನಿಂತಿತು. 1480ರ ದಶಕದಲ್ಲಿ ಜಾನ್ ಕೊಲೊಂಬ್ ಅನ್ನುವವನು ಮುಂದುವರಿಸಿದ. ಮೂಲ ಪ್ರತಿ ಈಗ ಶಾಂತಿಯಿ ಊರಿನ ಕೊಂದೆ ಮ್ಯೂಸಿಯಂನಲ್ಲಿದೆ.

ಡೊಂಬಿವಲಿ ಕುಂಚ:
ಬೈಂಡರಣ್ಣಾ, ಹಿಡಿದುಬಿಟ್ಟಿರಿ! ಬಿರುಕು ಬಿಡದಿರಲಿ ಅಂತ ಯಾವುದೋ ವಿಡಿಯೋ ನೋಡಿ ಎರಡು ಹನಿ ಜೇನು ಹಾಕಿದ್ದೆ. ಇರುವೆ ಬಂದಾಗಲೇ ಗೊತ್ತಾಗಬೇಕಿತ್ತು ಅಲ್ವಾ? ಕಿರೀಟ ಕೆರೆದು ತೆಗೆದೆ. ಹಲಗೆಯನ್ನು ಫ್ರಿಜ್ ಹಿಂದೆ ಬೆಚ್ಚಗೆ ನಿಲ್ಲಿಸಿದ್ದೇನೆ. ಇನ್ನು ದೀಪಾವಳಿ ಕಳೆದ ಮೇಲೆಯೇ ರೇಕು. ಉಜ್ಜಲು ನಾಯಿ ಹಲ್ಲು ಮಾತ್ರ ಬೇಡಪ್ಪ, ನನ್ನ ಹತ್ತಿರ ಅಗೇಟ್ ಕಲ್ಲಿದೆ.