ಹಿತ್ತಲಿನ ಹುಲ್ಲುಹಾಸು ನಾಯಿಯಿಂದ ಹಾಳಾಗುತ್ತಿದೆ, ತೋಟವನ್ನು ಹೇಗೆ ರೂಪಿಸಬೇಕು?

ಪ್ರಶ್ನೆ:
ನಮ್ಮ ಮೂರು ವರ್ಷದ ಹೆಣ್ಣು ನಾಯಿ ಹಗಲೆಲ್ಲ ಹಿತ್ತಲಿನಲ್ಲೇ ಇರುತ್ತದೆ. ಹುಲ್ಲಿನ ನಡುವೆ ತಟ್ಟೆಯಗಲದ ಹಳದಿ ಕಲೆಗಳಾಗಿವೆ, ಆದರೆ ಪ್ರತಿಯೊಂದು ಕಲೆಯ ಸುತ್ತ ಹುಲ್ಲು ಕಡುಹಸಿರಾಗಿ ಸೊಂಪಾಗಿದೆ. ಮೂತ್ರದ ಆಮ್ಲವೇ ಕಾರಣವೆಂದು ಸುಣ್ಣ ಹಾಕಿದರೂ ಗುಣ ಕಾಣಲಿಲ್ಲ. ಬೇಲಿಯ ಬುಡದಲ್ಲಿ ನೆಟ್ಟ ಸಸಿಗಳನ್ನು ಎರಡು ಸಲ ತುಳಿದುಹಾಕಿದೆ. ಗೋಡೆಯ ನೆರಳಿನಲ್ಲಿ ಗುಂಡಿ ತೋಡಿ ಮಲಗುತ್ತದೆ. ದಯವಿಟ್ಟು ಪರಿಹಾರ ತಿಳಿಸಿ.

ಉತ್ತರ:
ಆ ಹಸಿರು ಉಂಗುರವೇ ಕಾರಣವನ್ನು ತೋರಿಸುತ್ತಿದೆ. ಮೂತ್ರದ ಯೂರಿಯಾದಲ್ಲಿರುವ ಸಾರಜನಕವು ನಡುವೆ ಅತಿಯಾಗಿ ಬಿದ್ದು ಹುಲ್ಲನ್ನು ಸುಡುತ್ತದೆ, ಅಂಚಿನಲ್ಲಿ ತೆಳುವಾಗಿ ಹರಡಿ ಗೊಬ್ಬರವಾಗುತ್ತದೆ. ಇದು ಆಮ್ಲದ ದೋಷವಲ್ಲ. ಸುಣ್ಣವನ್ನು ನಿಲ್ಲಿಸಿಬಿಡಿ, ಅದು ನಾಯಿಯ ಪಾದಗಳಿಗೂ ಒಳ್ಳೆಯದಲ್ಲ. ಮೂತ್ರ ಬಿದ್ದ ಕೂಡಲೇ ಅದೇ ಜಾಗಕ್ಕೆ ಧಾರಾಳವಾಗಿ ನೀರು ಸುರಿದರೆ ಹುಲ್ಲು ಉಳಿಯುತ್ತದೆ. ಶಾಶ್ವತ ಉಪಾಯವೆಂದರೆ, ಒಂದು ಮೂಲೆಗೆ ಮರದ ಚಕ್ಕೆ ಹರಡಿ, ಕೆಲವು ವಾರ ಪಟ್ಟಿ ಹಿಡಿದು ಅಲ್ಲಿಗೇ ಕರೆದೊಯ್ದು, ಅಲ್ಲಿ ಮುಗಿಸಿದಾಗಲೆಲ್ಲ ಮೆಚ್ಚಿ ತಿನಿಸು ಕೊಡುವುದು.

ಇನ್ನು ಬೇಲಿಯ ವಿಷಯ. ಅಲ್ಲಿ ಮೂರನೆಯ ಸಲ ಸಸಿ ನೆಡಬೇಡಿ. ಬೇಲಿಯುದ್ದಕ್ಕೂ ಸುತ್ತಿ ಕಾವಲು ಕಾಯುವುದು ನಾಯಿಯ ಸ್ವಭಾವವಾದ್ದರಿಂದ, ಅದು ತುಳಿದು ಮಾಡಿಕೊಂಡ ಜಾಡನ್ನೇ ನೀವು ದಾರಿಯಾಗಿ ಒಪ್ಪಿಕೊಂಡು, ಬೇಲಿಯಿಂದ ಎರಡು ಮೂರು ಅಡಿ ಬಿಟ್ಟು ಗಟ್ಟಿ ಕಾಂಡದ ಪೊದೆಗಳನ್ನು ಒಳಗಡೆ ನೆಡುವುದು ಲೇಸು. ಬೆಳಿಗ್ಗೆ ಆ ಜಾಡನ್ನು ಬಗ್ಗಿ ನೋಡಿ: ನಾಯಿ ಮೂಲೆಯವರೆಗೆ ಹೋಗದೆ ಬಳಸಿ ತಿರುಗಿರುವುದು ಮಣ್ಣಿನಲ್ಲೇ ಕಾಣುತ್ತದೆ. ದಾರಿಯೂ ಹಾಗೆಯೇ ಬಾಗಿರಲಿ. ಚೂಪು ಜಲ್ಲಿ ಬೇಡ, ನುಣುಪಾದ ಉರುಟು ಕಲ್ಲು ಸಾಕು.

ಗುಂಡಿ ತೋಡಿ ಅದರಲ್ಲೇ ಮಲಗುತ್ತದೆಯೆಂದರೆ ಅದು ತುಂಟತನವಲ್ಲ, ತಂಪಿನ ಹುಡುಕಾಟ, ದಯವಿಟ್ಟು ಗದರಬೇಡಿ. ನೆರಳಿನಲ್ಲಿ ಮೈಚಾಚುವಷ್ಟು ಅಗಲದ ಮರಳಿನ ಗುಂಡಿ ಮಾಡಿ, ಬಿಸಿಲೇರುವ ಮುನ್ನ ನೀರು ಚಿಮುಕಿಸಿ, ಮೊದಮೊದಲು ಒಂದು ಆಟಿಕೆಯನ್ನು ಹೂತಿಡಿ. ಪಕ್ಕದಲ್ಲೇ ಕುಡಿಯುವ ನೀರಿರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಳಗಡೆ ನೆಡುವ ಪೊದೆಗೆ ಕಣಗಿಲೆ ಆಗಬಹುದೇ? ಬುಡಕ್ಕೆ ಕೋಕೋ ಸಿಪ್ಪೆ ಹಾಸುವ ಯೋಚನೆಯಿದೆ.

ಉತ್ತರ:
ಎರಡೂ ಖಂಡಿತ ಬೇಡ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ತಾಳೆಯಂತೆ ಕಾಣುವ ಸೈಕಸ್ ಗಿಡವೂ ಅಷ್ಟೇ ಅಪಾಯಕಾರಿ. ಅದರ ಬೀಜ ಯಕೃತ್ತನ್ನು ಹಾಳುಮಾಡುತ್ತದೆ. ಕೋಕೋ ಸಿಪ್ಪೆಯಲ್ಲಿ ಚಾಕೊಲೇಟಿನಲ್ಲಿರುವ, ನಾಯಿಗೆ ವಿಷವಾದ ಥಿಯೊಬ್ರೊಮಿನ್ ಇರುವುದಲ್ಲದೆ, ಅದರ ಪರಿಮಳವೇ ನಾಯಿಯನ್ನು ತಿನ್ನಲು ಕರೆಯುತ್ತದೆ. ಬದಲಿಗೆ ದಾಸವಾಳ ನೆಟ್ಟು, ಬುಡಕ್ಕೆ ಒಣ ಎಲೆ ಹಾಸಿ. ಬಸವನಹುಳುವಿಗೆ ಮೆಟಾಲ್ಡಿಹೈಡ್ ಎಂಬ ವಿಷವಿರುವ ಗುಳಿಗೆಗಳನ್ನು ಮಾತ್ರ ಎಂದೂ ಹಾಕಬೇಡಿ. ಇವುಗಳಲ್ಲಿ ಯಾವುದನ್ನಾದರೂ ನಾಯಿ ತಿಂದಿದೆಯೆಂಬ ಸಂಶಯ ಬಂದರೂ ಲಕ್ಷಣ ಕಾಣಲೆಂದು ಕಾಯದೆ, ತಿಂದದ್ದರ ತುಣುಕನ್ನು ಜೊತೆಗೆ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಹೊರಡಿ.